ಸೂರ್ಯಕಾಂತಿ ಎಣ್ಣೆ ಬಿಟ್ಟರೆ ಕರುಳಿನ ಉರಿಯೂತ ಇಳಿಯುತ್ತದೆಯೇ?

ಪ್ರಶ್ನೆ: ನನಗೆ 36 ವರ್ಷ, ಬೆಂಗಳೂರಿನ ರಾಜಾಜಿನಗರದಲ್ಲಿದ್ದೇನೆ. ಮೂರು ವರ್ಷದ ಹಿಂದೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತದಿಂದ ಹುಣ್ಣಾಗುವ ಕಾಯಿಲೆ) ಇದೆ ಎಂದು ಗೊತ್ತಾಯಿತು. ಉರಿಯೂತ ಇಳಿಸುವ ಮೆಸಲಮೈನ್ ಮಾತ್ರೆ ನಡೆಯುತ್ತಿದೆ, ಒಂದು ವರ್ಷದಿಂದ ಮಲದಲ್ಲಿ ರಕ್ತ ಕಂಡಿಲ್ಲ. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಐದು ಲೀಟರ್ ಸೂರ್ಯಕಾಂತಿ ಎಣ್ಣೆ ಖರ್ಚಾಗುತ್ತದೆ. ಅದರಲ್ಲಿರುವ ಒಮೆಗಾ-6 ಕೊಬ್ಬಿನಿಂದಲೇ ಕರುಳು ಉರಿಯುವುದು, ಗಾಣದ ಎಣ್ಣೆಗೂ ತುಪ್ಪಕ್ಕೂ ಬದಲಾಯಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ದೊಡ್ಡ ಚಮಚ ಅಗಸೆ ಎಣ್ಣೆ ಕುಡಿಯಿರಿ, ಆಮೇಲೆ ಮಾತ್ರೆಯೇ ಬೇಡ ಎಂದು ಗಾಣದ ಅಂಗಡಿಯವರು ಹೇಳುತ್ತಾರೆ. ನಮ್ಮದು ಸಸ್ಯಾಹಾರದ ಮನೆ, ನಾನೊಬ್ಬ ಹೊರಗಡೆ ಆಗೊಮ್ಮೆ ಈಗೊಮ್ಮೆ ಮೀನು ತಿನ್ನುತ್ತೇನೆ. ಮೀನೆಣ್ಣೆ ಕ್ಯಾಪ್ಸೂಲ್ ಉಪಯೋಗವೇ? ಮಕ್ಕಳಿಗೂ ಎಣ್ಣೆ ಬದಲಾಯಿಸಬೇಕೇ?

ಉತ್ತರ: ಮಾತ್ರೆಯ ವಿಷಯ ಮೊದಲು. ನಿಲ್ಲಿಸಬೇಡಿ. ವರ್ಷದಿಂದ ನೀವು ನೆಮ್ಮದಿಯಾಗಿದ್ದೀರಿ ಎಂದರೆ ಅದರಲ್ಲಿ ಮೆಸಲಮೈನ್‌ನ ಪಾಲು ದೊಡ್ಡದು. ನಿಮ್ಮ ಹಾಗೆಯೇ ಕಾಯಿಲೆ ಹತೋಟಿಯಲ್ಲಿದ್ದವರನ್ನು ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾತ್ರೆ ಸರಿಯಾಗಿ ತೆಗೆದುಕೊಳ್ಳದವರಿಗೆ ಕಾಯಿಲೆ ಮರುಕಳಿಸುವ ಸಾಧ್ಯತೆ ಐದು ಪಟ್ಟಿಗೂ ಹೆಚ್ಚಿತ್ತು. ಎಣ್ಣೆ ಬದಲಾಯಿಸಿ ಅಷ್ಟು ದೊಡ್ಡ ವ್ಯತ್ಯಾಸ ತೋರಿಸಿದ ಪ್ರಯೋಗ ಯಾವುದೂ ಇಲ್ಲ. ಚೆನ್ನಾಗಿದ್ದೇನಲ್ಲ ಎಂದು ಮಾತ್ರೆ ಬಿಡುವುದು, ಎರಡು ಮೂರು ತಿಂಗಳು ಏನೂ ಆಗದಿರುವುದು, ಆಮೇಲೆ ಒಂದು ದಿನ ರಕ್ತ ಕಾಣಿಸಿಕೊಳ್ಳುವುದು: ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ನಡೆಯುವುದು ಇದೇ. ನಡುವಿನ ಆ ಎರಡು ಮೂರು ತಿಂಗಳ ಶ್ರೇಯಸ್ಸು ಹೊಸ ಎಣ್ಣೆಗೆ ಹೋಗಿರುತ್ತದೆ.

ಅಂಗಡಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಅದು ಅಷ್ಟು ಬೇಗ ಮನಸ್ಸಿಗೆ ಹಿಡಿಸುತ್ತದೆ. ಎಷ್ಟು ನಿಜ, ಎಲ್ಲಿ ತಪ್ಪುತ್ತದೆ ಎಂದು ನೋಡೋಣ.

ನಮ್ಮ ದೇಹ ತಾನೇ ತಯಾರಿಸಲಾರದ ಕೊಬ್ಬಿನಾಮ್ಲಗಳು ಎರಡು. ಒಂದು ಲಿನೋಲೆಯಿಕ್ ಆಮ್ಲ, ಇದು ಒಮೆಗಾ-6. ಇನ್ನೊಂದು ಆಲ್ಫಾ ಲಿನೋಲೆನಿಕ್ ಆಮ್ಲ, ಚಿಕ್ಕದಾಗಿ ಎಎಲ್‌ಎ, ಇದು ಒಮೆಗಾ-3. ಎರಡೂ ಊಟದಿಂದಲೇ ಬರಬೇಕು. ಒಳಗೆ ಹೋದ ಮೇಲೆ ಎರಡನ್ನೂ ಉದ್ದ ಮಾಡುವುದು ಒಂದೇ ಗುಂಪಿನ ಕಿಣ್ವಗಳು. ಒಮೆಗಾ-6 ಕಡೆಯಿಂದ ಅರಕಿಡೋನಿಕ್ ಆಮ್ಲ ಸಿಗುತ್ತದೆ, ಒಮೆಗಾ-3 ಕಡೆಯಿಂದ ಇಪಿಎ, ಅದರಾಚೆಗೆ ಡಿಎಚ್‌ಎ. ಒಂದೇ ಕಿಣ್ವಕ್ಕೆ ಎರಡೂ ಪೈಪೋಟಿ ನಡೆಸುವುದರಿಂದ ತಟ್ಟೆಯಲ್ಲಿ ಲಿನೋಲೆಯಿಕ್ ತುಂಬಿ ತುಳುಕುತ್ತಿದ್ದರೆ ಎಎಲ್‌ಎ ಮುಂದಕ್ಕೆ ಹೋಗುವುದು ಕಷ್ಟ.

ಈ ಉದ್ದನೆಯ ಆಮ್ಲಗಳು ಕರುಳಿನ ಜೀವಕೋಶಗಳ ಪೊರೆಯಲ್ಲಿ, ಅಲ್ಲಿರುವ ಬಿಳಿ ರಕ್ತಕಣಗಳ ಪೊರೆಯಲ್ಲಿ ಸೇರಿಕೊಂಡಿರುತ್ತವೆ. ಸೋಂಕೋ ಗಾಯವೋ ಆದಾಗ ಒಂದು ಕಿಣ್ವ ಪೊರೆಯಿಂದ ಅವನ್ನು ಕತ್ತರಿಸಿ ಹೊರಗೆ ಬಿಡುತ್ತದೆ. ಅರಕಿಡೋನಿಕ್ ಆಮ್ಲ ಒಂದು ದಾರಿಯಲ್ಲಿ ಪ್ರೋಸ್ಟಾಗ್ಲಾಂಡಿನ್ ಇ2 ಆಗುತ್ತದೆ, ಇನ್ನೊಂದು ದಾರಿಯಲ್ಲಿ ಲ್ಯೂಕೋಟ್ರೈಯೀನ್ ಬಿ4 ಆಗುತ್ತದೆ. ಈ ಎರಡನೆಯದು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ರಕ್ತದಿಂದ ಕರುಳಿನ ಗೋಡೆಗೆ ಕರೆತರುತ್ತದೆ. ನಿಮ್ಮ ಬಯಾಪ್ಸಿ ವರದಿಯಲ್ಲಿ ಕ್ರಿಪ್ಟೈಟಿಸ್, ಕ್ರಿಪ್ಟ್ ಆ್ಯಬ್ಸೆಸ್ ಎಂಬ ಪದಗಳು ಇದ್ದರೆ ಅವು ಹೇಳುವುದು ಇದನ್ನೇ: ನ್ಯೂಟ್ರೋಫಿಲ್‌ಗಳು ದೊಡ್ಡ ಕರುಳಿನ ಸಣ್ಣ ಸಣ್ಣ ಗ್ರಂಥಿಗಳೊಳಗೆ ನುಗ್ಗಿ ಕೀವು ಕಟ್ಟಿವೆ. ಅದೇ ಕತ್ತರಿ ಅರಕಿಡೋನಿಕ್ ಬದಲು ಇಪಿಎ ಕತ್ತರಿಸಿದರೆ ಹುಟ್ಟುವುದು ಲ್ಯೂಕೋಟ್ರೈಯೀನ್ ಬಿ5. ಅದರ ಕರೆ ಬಿ4ಗಿಂತ ಬಹಳ ಕ್ಷೀಣ. ಪ್ರೋಸ್ಟಾಗ್ಲಾಂಡಿನ್‌ಗಳ ಈ ರಸಾಯನವನ್ನು ಬಿಡಿಸಿಟ್ಟ ಬೆರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್, ವೇನ್ ಅವರಿಗೆ 1982ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಅಂದರೆ ಒಮೆಗಾ-6 ಉರಿ, ಒಮೆಗಾ-3 ತಂಪು ಎಂಬ ಮಾತಿನ ಬೇರು ಗಟ್ಟಿಯಾದ ವಿಜ್ಞಾನದಲ್ಲೇ ಇದೆ.

ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಬೆನ್ನು ನೋವು ಎಂದು ಮೆಡಿಕಲ್ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತೆಗೆದುಕೊಂಡವರಿಗೆ ಹೊಟ್ಟೆ ಹುಣ್ಣಾಗುವುದು, ಕೊಲೈಟಿಸ್ ಇದ್ದವರಲ್ಲಿ ಕೆಲವರಿಗೆ ಕಾಯಿಲೆ ಕೆರಳುವುದು ಏಕೆ? ಆ ಮಾತ್ರೆಗಳು ಮಾಡುವ ಕೆಲಸವೇ ಅರಕಿಡೋನಿಕ್ ಆಮ್ಲದಿಂದ ಪ್ರೋಸ್ಟಾಗ್ಲಾಂಡಿನ್ ಆಗದಂತೆ ತಡೆಯುವುದು. ಜಠರ, ಕರುಳುಗಳ ಒಳಪೊರೆಗೆ ಲೋಳೆಯ ರಕ್ಷಣೆ ಕೊಡುವುದು, ಗಾಯ ಮಾಗಿಸುವುದು ಅದೇ ಪ್ರೋಸ್ಟಾಗ್ಲಾಂಡಿನ್ ಇ2. ‘ಉರಿ’ಯ ಪದಾರ್ಥವೆಂದು ನಾವು ಬೈಯುವುದು ಕರುಳಿನ ಕಾವಲೂ ಹೌದು. ಉರಿಯೂತ ಇಳಿಸುವ ಲಿಪಾಕ್ಸಿನ್‌ಗಳು ಹುಟ್ಟುವುದೂ ಅರಕಿಡೋನಿಕ್ ಆಮ್ಲದಿಂದಲೇ. ಇನ್ನೂ ಒಂದು ಸಂಗತಿ ಇದೆ: ಆರೋಗ್ಯವಂತರಿಗೆ ಲಿನೋಲೆಯಿಕ್ ಆಮ್ಲ ಹೆಚ್ಚಿಸಿ ಕೊಟ್ಟು ನೋಡಿದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ ರಕ್ತದಲ್ಲಿ ಅರಕಿಡೋನಿಕ್ ಆಮ್ಲ ಏರಲಿಲ್ಲ, ಸಿಆರ್‌ಪಿಯಂಥ ಉರಿಯೂತದ ಸೂಚಕಗಳೂ ಏರಲಿಲ್ಲ. ದೇಹ ಆ ದಾರಿಯನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿದೆ. ಅದರ ಮೇಲೆ ಲಿನೋಲೆಯಿಕ್ ಆಮ್ಲ ಕೆಟ್ಟ ಕೊಲೆಸ್ಟರಾಲ್ ಇಳಿಸುತ್ತದೆ. ಹಾಗಾಗಿ ಒಮೆಗಾ-6 ವಿಷ ಎಂಬ ಮಾತನ್ನು ನೀವು ಪಕ್ಕಕ್ಕಿಡಬಹುದು.

ಒಮೆಗಾ-3ರ ವಿಷಯದಲ್ಲಿ ನಿಜಕ್ಕೂ ಕುತೂಹಲದ ಕೆಲಸ ನಡೆದಿರುವುದು ಬೇರೆ ಕಡೆ. ಉರಿಯೂತ ತಾನಾಗಿ ಆರಿಹೋಗುತ್ತದೆ ಎಂದೇ ಬಹಳ ಕಾಲ ತಿಳಿಯಲಾಗಿತ್ತು. 2000ದ ಸುಮಾರಿಗೆ ಹಾರ್ವರ್ಡ್‌ನ ಚಾರ್ಲ್ಸ್ ಸರ್ಹಾನ್ ಅವರ ತಂಡ ಇಪಿಎ, ಡಿಎಚ್‌ಎಗಳಿಂದ ಹುಟ್ಟುವ ರಿಸಾಲ್ವಿನ್ ಎಂಬ ಪದಾರ್ಥಗಳನ್ನು ಗುರುತಿಸಿತು. ಇವು ನ್ಯೂಟ್ರೋಫಿಲ್‌ಗಳು ಇನ್ನಷ್ಟು ಬರದಂತೆ ತಡೆಯುತ್ತವೆ, ಸತ್ತ ಕಣಗಳನ್ನು ತಿಂದು ತೆಗೆಯಲು ಮ್ಯಾಕ್ರೋಫೇಜ್‌ಗಳನ್ನು ಹಚ್ಚುತ್ತವೆ. ಮದುವೆ ಮುಗಿದ ಮೇಲೆ ಛತ್ರ ಗುಡಿಸಿ ಬೀಗ ಹಾಕುವವರಿಲ್ಲದಿದ್ದರೆ ಹೇಗೋ, ಇವು ಸಾಲದೆ ಹೋದರೆ ಉರಿಯೂತ ಹಾಗೆ ಎಳೆಯುತ್ತಾ ಹೋಗುತ್ತದೆ. ಮ್ಯಾಕ್ರೋಫೇಜ್‌ಗಳ ಮೇಲಿರುವ ಜಿಪಿಆರ್120 ಎಂಬ ಗ್ರಾಹಕಕ್ಕೆ ಡಿಎಚ್‌ಎ ಅಂಟಿಕೊಂಡಾಗ ಉರಿಯೂತದ ಆಜ್ಞೆಗಳು ಒಳಗೇ ಕ್ಷೀಣಿಸುತ್ತವೆ ಎಂಬುದು 2010ರಲ್ಲಿ ಗೊತ್ತಾಯಿತು.

ಕರುಳಿನ ಒಳಪೊರೆ ಒಂದೇ ಸಾಲು ಜೀವಕೋಶಗಳದ್ದು, ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ. ಆ ಸಾಲಿನ ಆಚೆ ಲೋಳೆ, ಅದರಾಚೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಈಚೆ ದೇಹದ ರೋಗನಿರೋಧಕ ಕಣಗಳ ಅತಿ ದೊಡ್ಡ ದಂಡು. ಜೀವಕೋಶಗಳ ನಡುವಿನ ಬಿಗಿ ಬೆಸುಗೆ ಸಡಿಲವಾದರೆ ಆಚೆಯ ಬ್ಯಾಕ್ಟೀರಿಯಾದ ಚೂರುಗಳು ಈಚೆಗೆ ಬರುತ್ತವೆ, ದಂಡು ಎಚ್ಚರಗೊಳ್ಳುತ್ತದೆ. ಒಮೆಗಾ-3 ಹೆಚ್ಚಿದ್ದಾಗ ಈ ಬೆಸುಗೆ ಗಟ್ಟಿಯಾಗಿರುವುದು ಜೀವಕೋಶಗಳ ಮೇಲಿನ, ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ, 2018ರಲ್ಲಿ ಬಂದ ಒಂದು ಚಿಕ್ಕ ಪ್ರಯೋಗದಲ್ಲಿ ದಿನಕ್ಕೆ 4 ಗ್ರಾಂ ಇಪಿಎ-ಡಿಎಚ್‌ಎಯನ್ನು ಎಂಟು ವಾರ ಕೊಟ್ಟಾಗ ಬೈಫಿಡೋಬ್ಯಾಕ್ಟೀರಿಯಂ, ಕರುಳಿನ ಒಳಪೊರೆಗೆ ಬೇಕಾದ ಬ್ಯುಟಿರೇಟ್ ತಯಾರಿಸುವ ರೋಸ್‌ಬೂರಿಯಾ ಮುಂತಾದ ಬ್ಯಾಕ್ಟೀರಿಯಾ ಹೆಚ್ಚಿದವು. ನಿಲ್ಲಿಸಿದ ಮೇಲೆ ಮೊದಲಿನಂತಾದವು.

ಇಲ್ಲೊಂದು ಸಣ್ಣ ವಿಷಯ, ಅಂಗಡಿಯಲ್ಲಿ ಯಾರೂ ಹೇಳದ್ದು. ನೀವು ಕುಡಿದ ಎಣ್ಣೆ ನಿಮ್ಮ ಹುಣ್ಣಿನ ಮೇಲೆ ಹೋಗಿ ಸವರಿಕೊಳ್ಳುವುದಿಲ್ಲ. ಕೊಬ್ಬು ಹೆಚ್ಚುಕಡಿಮೆ ಪೂರ್ತಿ ಸಣ್ಣ ಕರುಳಿನಲ್ಲೇ ಹೀರಲ್ಪಡುತ್ತದೆ. ನಿಮ್ಮ ಕಾಯಿಲೆ ಇರುವುದು ದೊಡ್ಡ ಕರುಳಿನಲ್ಲಿ. ಅಲ್ಲಿಗೆ ಒಮೆಗಾ-3 ತಲುಪುವುದು ರಕ್ತದ ಮೂಲಕ, ಜೀವಕೋಶಗಳ ಪೊರೆಯಲ್ಲಿ ನಿಧಾನವಾಗಿ ಸೇರಿಕೊಂಡು. ವಾರಗಳು, ತಿಂಗಳುಗಳು ಹಿಡಿಯುತ್ತವೆ. ಖಾಲಿ ಹೊಟ್ಟೆಗೆ ಕುಡಿದರೆ ಬೇಗ ತಾಗುತ್ತದೆ ಎಂಬುದಕ್ಕೆ ಅರ್ಥವಿಲ್ಲ. ಇನ್ನು ಈಗಾಗಲೇ ಮೈಯ ಕೊಬ್ಬಿನಲ್ಲಿ ಕೂತಿರುವ ಲಿನೋಲೆಯಿಕ್ ಆಮ್ಲ ಅರ್ಧಕ್ಕಿಳಿಯಲು ಸುಮಾರು ಎರಡು ವರ್ಷ ಬೇಕು. ಒಂದು ತಿಂಗಳು ಎಣ್ಣೆ ಬದಲಾಯಿಸಿ ‘ಡಿಟಾಕ್ಸ್’ ಆಯಿತು ಎನ್ನುವವರಿಗೆ ಇದನ್ನು ಹೇಳಿ.

ರಸಾಯನ ಇಷ್ಟು ಸೊಗಸಾಗಿದ್ದರೂ ರೋಗಿಗಳ ಮೇಲಿನ ಫಲಿತಾಂಶ ನಿರಾಸೆಯದ್ದು. ಕರುಳಿನಲ್ಲೇ ಕರಗುವಂತೆ ಲೇಪ ಹಾಕಿದ ಮೀನೆಣ್ಣೆ ಕ್ಯಾಪ್ಸೂಲ್‌ಗಳನ್ನು ಕ್ರೋನ್ಸ್ ಎಂಬ, ಕರುಳಿನ ಉರಿಯೂತದ ಇನ್ನೊಂದು ಕಾಯಿಲೆ ಇದ್ದ 78 ಜನರ ಮೇಲೆ ಇಟಲಿಯಲ್ಲಿ ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ಒಂದು ವರ್ಷದಲ್ಲಿ ಮೀನೆಣ್ಣೆ ಗುಂಪಿನ ನೂರಕ್ಕೆ 28 ಜನರಿಗೆ ಕಾಯಿಲೆ ಮರುಕಳಿಸಿತು, ಖಾಲಿ ಕ್ಯಾಪ್ಸೂಲ್ ಗುಂಪಿನಲ್ಲಿ ನೂರಕ್ಕೆ 69. ಎಲ್ಲರೂ ಹುಬ್ಬೇರಿಸಿದರು. ಆಮೇಲೆ ದಿನಕ್ಕೆ 4 ಗ್ರಾಂನಂತೆ ನೂರಾರು ರೋಗಿಗಳ ಮೇಲೆ ಎರಡು ದೊಡ್ಡ ಪ್ರಯೋಗಗಳು ನಡೆದವು. 2008ರಲ್ಲಿ ಫಲಿತಾಂಶ ಬಂತು: ಒಂದರಲ್ಲಿ ಕಾಯಿಲೆ ಮರುಕಳಿಸಿದ್ದು ಮೀನೆಣ್ಣೆ ಗುಂಪಿನಲ್ಲಿ ನೂರಕ್ಕೆ 31.6, ಖಾಲಿ ಕ್ಯಾಪ್ಸೂಲ್ ಗುಂಪಿನಲ್ಲಿ 35.7; ಇನ್ನೊಂದರಲ್ಲಿ 47.8ಕ್ಕೆ ಎದುರಾಗಿ 48.8. ಅಂದರೆ ವ್ಯತ್ಯಾಸವೇ ಇಲ್ಲ. ನಿಮ್ಮ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್‌ನಲ್ಲೂ, ಹತೋಟಿಗೆ ಬಂದ ಮೇಲೆ ಮೀನೆಣ್ಣೆ ಅದನ್ನು ಹಾಗೇ ಹಿಡಿದಿಡುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ.

ಕಾಯಿಲೆ ಬರುವ ಮುಂಚಿನ ಚಿತ್ರ ಸ್ವಲ್ಪ ಬೇರೆ. ಯುರೋಪಿನ ಎರಡು ಲಕ್ಷಕ್ಕೂ ಹೆಚ್ಚು ಜನರ ಊಟದ ಲೆಕ್ಕ ಇಟ್ಟು, ಅವರಲ್ಲಿ ಮುಂದೆ ಅಲ್ಸರೇಟಿವ್ ಕೊಲೈಟಿಸ್ ಬಂದ 126 ಜನರನ್ನು ಉಳಿದವರೊಂದಿಗೆ ಹೋಲಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ಲಿನೋಲೆಯಿಕ್ ಆಮ್ಲ ಅತಿ ಹೆಚ್ಚು ತಿನ್ನುತ್ತಿದ್ದವರಲ್ಲಿ ಸಾಧ್ಯತೆ ಅತಿ ಕಡಿಮೆ ತಿನ್ನುತ್ತಿದ್ದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ಡಿಎಚ್‌ಎ ಹೆಚ್ಚು ತಿನ್ನುತ್ತಿದ್ದವರಲ್ಲಿ ಕಡಿಮೆ ಇತ್ತು. ಗಾಣದವರ ಮಾತಿಗೆ ಸಿಗುವ ದೊಡ್ಡ ಆಧಾರ ಇದು. ಆದರೆ ಲಿನೋಲೆಯಿಕ್ ಆಮ್ಲ ಒಂಟಿಯಾಗಿ ಬರುವುದಿಲ್ಲ. ಕರಿದ ತಿಂಡಿ, ಬೇಕರಿ, ಪ್ಯಾಕೆಟ್ ತಿನಿಸುಗಳ ಜೊತೆ ಬರುತ್ತದೆ. ಇದರಲ್ಲಿ ಎಷ್ಟು ಎಣ್ಣೆಯ ಪಾಲು, ಎಷ್ಟು ಉಳಿದವುಗಳ ಪಾಲು ಎಂದು ಇಂಥ ಅಧ್ಯಯನದಿಂದ ಬಿಡಿಸಲಾಗದು.

ತುಪ್ಪಕ್ಕೆ ಬದಲಾಯಿಸಿ ಎಂಬ ಸಲಹೆಗೆ ಮಾತ್ರ ನನ್ನ ಒಪ್ಪಿಗೆ ಖಂಡಿತ ಇಲ್ಲ. 2012ರಲ್ಲಿ ಬಂದ ಒಂದು ಹೆಸರಾಂತ ಪ್ರಯೋಗದಲ್ಲಿ, ಕೊಲೈಟಿಸ್ ಬರುವ ಒಲವು ಹುಟ್ಟಿನಿಂದಲೇ ಇರುವ ಇಲಿಗಳಿಗೆ ಬೇರೆ ಬೇರೆ ಕೊಬ್ಬು ತಿನ್ನಿಸಿದರು. ಹಾಲಿನ ಕೊಬ್ಬು ತಿಂದ ಇಲಿಗಳಲ್ಲಿ ಪಿತ್ತರಸದ ಸ್ವರೂಪ ಬದಲಾಗಿ, ಬೈಲೋಫಿಲಾ ಎಂಬ ಬ್ಯಾಕ್ಟೀರಿಯಾ ಮೇರೆ ಮೀರಿ ಬೆಳೆದು ಕೊಲೈಟಿಸ್ ಹೆಚ್ಚಾಯಿತು. ಒಮೆಗಾ-6 ತುಂಬಿದ ಕುಸುಬೆ ಎಣ್ಣೆ ತಿಂದವುಗಳಲ್ಲಿ ಹಾಗಾಗಲಿಲ್ಲ! ಇಲಿಯ ಫಲಿತಾಂಶವನ್ನು ಹಾಗೇ ಮನುಷ್ಯರಿಗೆ ಹಚ್ಚಲಾಗದು, ನಿಜ. ಅನ್ನದ ಮೇಲೆ ಹಾಕಿಕೊಳ್ಳುವ ಒಂದು ಚಮಚ ತುಪ್ಪವನ್ನು ನಿಲ್ಲಿಸಬೇಕಿಲ್ಲ. ಆದರೆ ಸೂರ್ಯಕಾಂತಿ ತೆಗೆದು ಅಷ್ಟೂ ಜಾಗಕ್ಕೆ ತುಪ್ಪ, ಕೊಬ್ಬರಿ ಎಣ್ಣೆ ತುಂಬಿದರೆ ಒಮೆಗಾ-3 ಒಂದು ಹನಿಯೂ ಏರುವುದಿಲ್ಲ, ಪರ್ಯಾಪ್ತ ಕೊಬ್ಬು ಮಾತ್ರ ಏರುತ್ತದೆ. ಗಾಣವೂ ಅಷ್ಟೇ. ಗಾಣದಲ್ಲಿ ತೆಗೆದ ಸೂರ್ಯಕಾಂತಿಯಲ್ಲೂ ಲಿನೋಲೆಯಿಕ್ ಅಷ್ಟೇ ಇರುತ್ತದೆ. ಎಣ್ಣೆ ತೆಗೆಯುವ ವಿಧಾನದಿಂದ ಬೀಜದ ಕೊಬ್ಬಿನಾಮ್ಲ ಬದಲಾಗದು, ಬೆಲೆ ಬದಲಾಗುತ್ತದೆ.

ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಐದು ಲೀಟರ್ ಎಂದರೆ ಸುಮಾರು 4.6 ಕಿಲೋ. ನಾಲ್ಕು ಜನ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ. ಮಾಮೂಲಿ ಸೂರ್ಯಕಾಂತಿ ಎಣ್ಣೆಯಲ್ಲಿ ನೂರಕ್ಕೆ 60ರಷ್ಟು ಲಿನೋಲೆಯಿಕ್ ಎಂದು ಹಿಡಿದರೆ ಎಣ್ಣೆಯೊಂದರಿಂದಲೇ ದಿನಕ್ಕೆ 23 ಗ್ರಾಂ ಒಮೆಗಾ-6 ಬಂತು, ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಭಾರತೀಯರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2010ರಲ್ಲಿ ಸೂಚಿಸಿದ ಅನುಪಾತ ಒಂದು ಪಾಲು ಒಮೆಗಾ-3ಗೆ ಐದರಿಂದ ಹತ್ತು ಪಾಲು ಒಮೆಗಾ-6. ನಿಮ್ಮಲ್ಲಿ ಅದು ಎಲ್ಲೋ ಹೋಗಿ ಕೂತಿದೆ. ಅನುಪಾತದ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಕೊರತೆ ಇರುವುದು ಒಮೆಗಾ-3ರಲ್ಲಿ ಎಂಬುದನ್ನು ಅದು ಸರಿಯಾಗಿ ತೋರಿಸುತ್ತದೆ. ಒಮೆಗಾ-3ರ ಪಾಲು ಏರಿಸುವುದೇ ಮುಖ್ಯ ಕೆಲಸ.

ಹೀಗೆ ಮಾಡಿ ನೋಡಿ. ತಿಂಗಳಿಗೆ ಒಟ್ಟು ಮೂರು ಲೀಟರ್ ತನ್ನಿ: ಎರಡು ಲೀಟರ್ ಕಡಲೆಕಾಯಿ ಎಣ್ಣೆ, ಒಂದು ಲೀಟರ್ ಸೋಯಾ ಅಥವಾ ಸಾಸಿವೆ ಎಣ್ಣೆ. ಕಡಲೆಕಾಯಿ ಎಣ್ಣೆಯಲ್ಲಿ ಲಿನೋಲೆಯಿಕ್ ನೂರಕ್ಕೆ ಮೂವತ್ತರ ಆಸುಪಾಸು, ಉಳಿದದ್ದರಲ್ಲಿ ಹೆಚ್ಚಿನದು ಓಲಿಯಿಕ್. ಸೋಯಾದಲ್ಲಿ ಎಎಲ್‌ಎ ನೂರಕ್ಕೆ ಏಳರಷ್ಟು, ಸಾಸಿವೆಯಲ್ಲಿ ಹತ್ತರ ಮೇಲೆ. ಸಾಸಿವೆ ಎಣ್ಣೆಯ ಘಾಟು ಬೆಂಗಳೂರಿನ ಮೂಗಿಗೆ ಒಗ್ಗುವುದಿಲ್ಲ, ಗೊತ್ತು. ಉಪ್ಪಿನಕಾಯಿಗೆ, ಆಲೂಗಡ್ಡೆ ಪಲ್ಯಕ್ಕೆ ಹಾಕಿ, ಸಾರಿನ ಒಗ್ಗರಣೆಗೆ ಬೇಡ. ಸೋಯಾ ಎಣ್ಣೆಗೆ ವಾಸನೆ ಇಲ್ಲ, ಚಪಾತಿಗೂ ಪಲ್ಯಕ್ಕೂ ನಡೆಯುತ್ತದೆ. ಈ ಎರಡನ್ನೂ ಕರಿಯಲು ಬಳಸಬೇಡಿ, ಕರಿಯುವುದೇ ಆದರೆ ಕಡಲೆಕಾಯಿ ಎಣ್ಣೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಆಗ ಹುಟ್ಟುವ ಧ್ರುವೀಯ ಸಂಯುಕ್ತಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೂರಕ್ಕೆ 25ರ ಮಿತಿ ಹಾಕಿದೆ, ಆದರೆ ಬೋಂಡಾ ಗಾಡಿಯ ಬಾಣಲೆಯಲ್ಲಿ ಅದನ್ನು ಅಳೆದು ನೋಡುವವರು ಯಾರು? ಕೊಲೈಟಿಸ್ ಇದ್ದವರು ಸೂರ್ಯಕಾಂತಿಗಿಂತ ಹೆಚ್ಚು ಅನುಮಾನದಿಂದ ನೋಡಬೇಕಾದದ್ದು ಆ ಕಪ್ಪು ಎಣ್ಣೆಯನ್ನು.

ಒಮೆಗಾ-3 ಏರಿಸಲು ಸಸ್ಯಾಹಾರದಲ್ಲಿ ಅಗಸೆಗೆ ಸಮ ಇನ್ನೊಂದಿಲ್ಲ. ನೂರು ಗ್ರಾಂ ಬೀಜದಲ್ಲಿ ಸುಮಾರು 22 ಗ್ರಾಂ ಎಎಲ್‌ಎ. ಒಂದು ದೊಡ್ಡ ಚಮಚ ಪುಡಿ ಎಂದರೆ 7 ಗ್ರಾಂ, ಅದರಲ್ಲಿ ಒಂದೂವರೆ ಗ್ರಾಂ ಎಎಲ್‌ಎ. ಒಬ್ಬರಿಗೆ ದಿನಕ್ಕೆ ಅಷ್ಟು ಸಾಕು. ಇಡೀ ಬೀಜ ನುಂಗಿದರೆ ಬಂದ ದಾರಿಯಲ್ಲೇ ಹಾಗೇ ಹೊರಗೆ ಹೋಗುತ್ತದೆ, ಸಿಪ್ಪೆ ಅಷ್ಟು ಗಟ್ಟಿ. ಉತ್ತರ ಕರ್ನಾಟಕದವರ ಅಗಸಿ ಹಿಂಡಿ ಇದಕ್ಕೆ ಹೇಳಿ ಮಾಡಿಸಿದ್ದು. ನೂರು ಗ್ರಾಂ ಅಗಸೆಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ನಾಲ್ಕೈದು ನಿಮಿಷದಲ್ಲಿ ಚಟಪಟ ಎನ್ನುತ್ತದೆ, ಸದ್ದು ಜೋರಾಗಿ ಘಮ ಬಂದ ಕೂಡಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಸೀದು ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ನಾಲ್ಕು ಹುರಿದ ಬ್ಯಾಡಗಿ ಮೆಣಸಿನಕಾಯಿ, ಒಂದು ಚಿಕ್ಕ ಚಮಚ ಜೀರಿಗೆ, ಐದಾರು ಎಸಳು ಬೆಳ್ಳುಳ್ಳಿ, ಕರಿಬೇವು, ಉಪ್ಪು ಹಾಕಿ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹದವಾಗಿ ಹುರಿದರೆ ಎಎಲ್‌ಎ ಹೆಚ್ಚೇನೂ ಹಾಳಾಗುವುದಿಲ್ಲ, ಹಸಿ ಬೀಜದಲ್ಲಿರುವ ಸಯನೈಡ್ ಬಿಡುವ ಸಂಯುಕ್ತಗಳೂ ತಗ್ಗುತ್ತವೆ. ನೂರು ಗ್ರಾಂ ಒಬ್ಬರಿಗೆ ಎರಡು ವಾರಕ್ಕೆ ಬರುತ್ತದೆ. ಒಂದೇ ಸಲಕ್ಕೆ ಕಿಲೋಗಟ್ಟಲೆ ಮಾಡಿಡಬೇಡಿ, ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಪೇಂಟ್ ಡಬ್ಬಿಯ ವಾಸನೆ ಬಂದರೆ ಕೆಟ್ಟಿದೆ ಎಂದೇ ಲೆಕ್ಕ, ಚೆಲ್ಲಿ. ಬಣ್ಣಕ್ಕೆ ಬೆರೆಸುವ ಲಿನ್‌ಸೀಡ್ ಎಣ್ಣೆ ಇದೇ ಬೀಜದ್ದು.

ಕಾಯಿಲೆ ಕೆರಳಿದ ದಿನಗಳಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ ಬಿಟ್ಟು ಬರೀ ಅಗಸೆ ಪುಡಿಯನ್ನು ಮಜ್ಜಿಗೆಗೋ ರಾಗಿ ಗಂಜಿಗೋ ಅರ್ಧ ಚಮಚದಂತೆ ಹಾಕಿಕೊಳ್ಳಿ, ಅದೂ ಹೊಟ್ಟೆ ತಡೆದರೆ ಮಾತ್ರ. ಅಗಸೆಯ ಲೋಳೆ ನೀರು ಹೀರಿ ಉಬ್ಬುತ್ತದೆ, ಒಂದು ದೊಡ್ಡ ಲೋಟ ನೀರು ಜೊತೆಗಿರಲಿ. ಕ್ರೋನ್ಸ್‌ನಿಂದ ಕರುಳು ಕಿರಿದಾದವರು ವೈದ್ಯರನ್ನು ಕೇಳದೆ ಅಗಸೆ ಮುಟ್ಟಬಾರದು.

ಎರಡು ದೊಡ್ಡ ಚಮಚ ಅಗಸೆ ಎಣ್ಣೆ ಎಂದರೆ 14 ಗ್ರಾಂಗೂ ಹೆಚ್ಚು ಎಎಲ್‌ಎ. ಅಷ್ಟು ಯಾರಿಗೂ ಬೇಡ. ಖಾಲಿ ಹೊಟ್ಟೆಗೆ ಅಷ್ಟು ಎಣ್ಣೆ ಹೋದರೆ ಭೇದಿಯಾಗುತ್ತದೆ, ನಿಮ್ಮಂಥವರಿಗೆ ಅದು ಎಣ್ಣೆಯ ಭೇದಿಯೋ ಕಾಯಿಲೆಯದ್ದೋ ಎಂದು ಗೊತ್ತಾಗದೆ ಗಾಬರಿ ಬೇರೆ. ಬೀಜದಲ್ಲಿರುವ ನಾರು ಎಣ್ಣೆಯಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಆ ನಾರನ್ನು ಹುದುಗಿಸಿ ಒಳಪೊರೆಗೆ ಬೇಕಾದ ಬ್ಯುಟಿರೇಟ್ ಕೊಡುತ್ತದೆ. ನನ್ನ ಮತ ಬೀಜಕ್ಕೆ.

ಹುಚ್ಚೆಳ್ಳು ಚಟ್ನಿಪುಡಿಯನ್ನೂ ಒಮೆಗಾ-3 ಎಂದು ಮಾರುವುದುಂಟು. ರುಚಿಗೆ ತಿನ್ನಿ, ಅದರ ಎಣ್ಣೆ ಬಹುಪಾಲು ಲಿನೋಲೆಯಿಕ್. ಬಾದಾಮಿಯಲ್ಲೂ ಒಮೆಗಾ-3 ಇಲ್ಲ, ಅಕ್ರೋಟಿನಲ್ಲಿದೆ: ನೂರು ಗ್ರಾಂಗೆ 9 ಗ್ರಾಂ. ದೊಡ್ಡಗೋಣಿ ಸೊಪ್ಪಿನಲ್ಲಿ ಸೊಪ್ಪುಗಳ ಮಟ್ಟಿಗೆ ಚೆನ್ನಾಗಿಯೇ ಇದೆ, ಮೂತ್ರಪಿಂಡದ ಕಲ್ಲು ಇದ್ದವರು ಮಾತ್ರ ಆಕ್ಸಲೇಟ್ ಕಾರಣಕ್ಕೆ ಹಿತಮಿತವಾಗಿ ತಿನ್ನಲಿ.

ಅಗಸೆಗೆ ಒಂದು ಮಿತಿ ಇದೆ. ಎಎಲ್‌ಎಯಲ್ಲಿ ನೂರಕ್ಕೆ ಐದರಿಂದ ಎಂಟರಷ್ಟು ಮಾತ್ರ ಇಪಿಎ ಆಗುತ್ತದೆ, ಡಿಎಚ್‌ಎ ಆಗುವುದು ಒಂದಕ್ಕಿಂತ ಕಡಿಮೆ. ಹರೆಯದ ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ರಿಸಾಲ್ವಿನ್‌ಗೆ ಬೇಕಾದ ಕಚ್ಚಾ ವಸ್ತು ನೇರವಾಗಿ ಸಿಗುವುದು ಮೀನಿನಲ್ಲಿ, ಇಲ್ಲವೇ ಮೀನಿಗೂ ಅದನ್ನು ಒದಗಿಸುವ ಪಾಚಿಯಲ್ಲಿ. ನೀವು ಹೊರಗೆ ಮೀನು ತಿನ್ನುವವರಾದ್ದರಿಂದ: ಅಂಜಲ್ ಫ್ರೈಗಿಂತ ಬೂತಾಯಿ, ಬಂಗುಡೆ ಆರಿಸಿಕೊಳ್ಳಿ. ಅಗ್ಗವೂ ಹೌದು, ಕೊಬ್ಬು ಇರುವುದೂ ಅವುಗಳಲ್ಲೇ. ಬೂತಾಯಿಯನ್ನು ಬೆಂಗಳೂರಿನ ಅಂಗಡಿಗಳಲ್ಲಿ ಮತ್ತಿ ಎಂದೂ ಕರೆಯುತ್ತಾರೆ. ಮಳೆಗಾಲ ಕಳೆದು ಚಳಿ ಶುರುವಾಗುವವರೆಗಿನ ಬೂತಾಯಿ ಮೈತುಂಬಿಕೊಂಡಿರುತ್ತದೆ, ಆಗ ನೂರು ಗ್ರಾಂಗೆ ಒಂದು ಗ್ರಾಂ ಅಥವಾ ಹೆಚ್ಚು ಇಪಿಎ-ಡಿಎಚ್‌ಎ ಸಿಗುತ್ತದೆ. ಬೇಸಿಗೆಯ ಒಣಕಲು ಬೂತಾಯಿಯಲ್ಲಿ ಅಷ್ಟಿರದು. ಜೂನ್, ಜುಲೈಯಲ್ಲಿ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ರಸೆಲ್ ಮಾರುಕಟ್ಟೆಯಲ್ಲೂ ಸಿಗುವುದರಲ್ಲಿ ಬಹಳಷ್ಟು ಮಂಜುಗಡ್ಡೆಯ ಮೀನು. ವಾರಕ್ಕೆ ಎರಡು ಸಲ, ಸಾರು ಅಥವಾ ಪುಳಿಮುಂಚಿ ಸಾಕು. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಕೊಬ್ಬು ಬಾಣಲೆಗೆ ಇಳಿದು ಬಾಣಲೆಯ ಎಣ್ಣೆ ಮೀನಿಗೆ ಏರುತ್ತದೆ. ಕೆರೆ ಸಾಕಣೆಯ ಕಾಟ್ಲಾ, ರೋಹು ಪ್ರೋಟೀನ್‌ಗೆ ಒಳ್ಳೆಯದು, ಒಮೆಗಾ-3ಗೆ ಅಲ್ಲ.

ಕ್ಯಾಪ್ಸೂಲ್ ಕೊಳ್ಳುವಾಗ ಡಬ್ಬಿಯ ಮುಂದಿನ ‘1000 ಮಿಲಿಗ್ರಾಂ’ ನೋಡಬೇಡಿ, ತಿರುಗಿಸಿ ಹಿಂದೆ ಓದಿ. ಸಾಮಾನ್ಯ ಮೀನೆಣ್ಣೆಯ ಒಂದು ಕ್ಯಾಪ್ಸೂಲ್‌ನಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಟ್ಟ 4 ಗ್ರಾಂ ತಲುಪಲು ಇಂಥವು ಹದಿಮೂರು ಹದಿನಾಲ್ಕು ಬೇಕು, ಅಷ್ಟು ಕೊಟ್ಟೂ ಫಲ ಸಿಗಲಿಲ್ಲ ಎಂಬುದು ನೆನಪಿರಲಿ. ಮೀನು ಇಲ್ಲದ ಮನೆಯಲ್ಲಿ ದಿನಕ್ಕೆ 250ರಿಂದ 500 ಮಿಲಿಗ್ರಾಂ ಇಪಿಎ-ಡಿಎಚ್‌ಎ ಸಿಕ್ಕರೆ ಆಹಾರದ ಕೊರತೆ ತುಂಬಿದ ಹಾಗೆ. ಪಾಚಿ ಎಣ್ಣೆಯ ಸಸ್ಯಾಹಾರಿ ಕ್ಯಾಪ್ಸೂಲ್‌ನಿಂದಲೂ ಅದು ಸಿಗುತ್ತದೆ. ಮಧ್ಯಾಹ್ನದ ಊಟದ ನಡುವೆ ನುಂಗಿ. ಊಟದ ಕೊಬ್ಬಿನ ಜೊತೆ ಚೆನ್ನಾಗಿ ಹೀರಲ್ಪಡುತ್ತದೆ, ಮೀನಿನ ತೇಗೂ ಕಡಿಮೆ. ಡಬ್ಬಿ ತೆರೆದಾಗ ಒಂದನ್ನು ಕತ್ತರಿಸಿ ಮೂಸಿ ನೋಡಿ. ಕಮಟು ವಾಸನೆ ಹೊಡೆದರೆ ಬಿಸಿಲಿನಲ್ಲಿಟ್ಟ ಸರಕು, ವಾಪಸು ಕೊಡಿ. ಕಾಡ್ ಲಿವರ್ ಎಣ್ಣೆ ಬೇರೆ ಪದಾರ್ಥ. ಅದರಲ್ಲಿ ಎ ಜೀವಸತ್ವ ತುಂಬಾ ಇರುವುದರಿಂದ ಅಳತೆ ಮೀರಬಾರದು, ಗರ್ಭಿಣಿಯರಂತೂ ತೆಗೆದುಕೊಳ್ಳಲೇಬಾರದು.

ಕ್ಯಾಪ್ಸೂಲ್‌ನ ಒಮೆಗಾ-3 ದಿನಕ್ಕೆ ಒಂದು ಗ್ರಾಂ ದಾಟಿದರೆ ಹೃದಯದ ಬಡಿತ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್‌ನ ಅಪಾಯ ಏರುವುದು ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ಶುರು ಮಾಡಬಾರದು. ಮೀನೆಣ್ಣೆ ಅತಿಯಾದ ಇಲಿಗಳಲ್ಲಿ ಸೋಂಕು ಎದುರಿಸುವ ಶಕ್ತಿಯೇ ಕುಂದಿದ್ದೂ ಉಂಟು. ಉರಿಯೂತ ಎಂಬುದು ರಕ್ಷಣೆಯೂ ಹೌದಲ್ಲ.

ಏನೇ ಬದಲಾಯಿಸಿದರೂ ಶುರುವಿನಲ್ಲಿ ಒಮ್ಮೆ, ಮೂರು ತಿಂಗಳ ಮೇಲೆ ಒಮ್ಮೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ. ಅದು ನ್ಯೂಟ್ರೋಫಿಲ್‌ಗಳೊಳಗಿನ ಪ್ರೋಟೀನ್, ಕರುಳಿಗೆ ಅವು ಎಷ್ಟು ಬಂದಿವೆ ಎಂದು ಅದರಿಂದ ಗೊತ್ತಾಗುತ್ತದೆ. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸರಿ, 250 ದಾಟಿದರೆ ಉರಿಯೂತ ಇದೆ ಎಂದೇ ನೋಡಬೇಕು, ನಡುವೆ ಇದ್ದರೆ ಇನ್ನೊಮ್ಮೆ ಮಾಡಿಸಬೇಕು. ಬೆಳಗಿನ ಮೊದಲ ಮಲ ಕೊಡಿ. ಹಿಂದಿನ ಎರಡು ವಾರ ನೋವಿನ ಮಾತ್ರೆ ನುಂಗಿದ್ದರೆ ಸಂಖ್ಯೆ ಸುಳ್ಳೇ ಏರಿರುತ್ತದೆ. ರಕ್ತ ಕಾಣಿಸಿದರೆ, ರಾತ್ರಿ ನಿದ್ದೆಯಿಂದ ಎದ್ದು ಶೌಚಕ್ಕೆ ಓಡುವಂತಾದರೆ, ಜ್ವರ ಬಂದರೆ, ತೂಕ ಇಳಿದರೆ ಮೂರು ತಿಂಗಳು ಕಾಯದೆ ನಿಮ್ಮ ಗ್ಯಾಸ್ಟ್ರೋ ವೈದ್ಯರಲ್ಲಿಗೆ ಹೋಗಿ. ನಮ್ಮಲ್ಲಿ ಅಮೀಬಾ ಸೋಂಕೂ ಇದೇ ವೇಷದಲ್ಲಿ ಬರುತ್ತದೆ, ಮಲ ಪರೀಕ್ಷೆ ಇಲ್ಲದೆ ಎಲ್ಲವನ್ನೂ ಕೊಲೈಟಿಸ್ ತಲೆಗೆ ಕಟ್ಟುವ ಹಾಗಿಲ್ಲ.

ಮಕ್ಕಳಿಗೆ ಬೇರೆ ಎಣ್ಣೆ ಬೇಡ, ಮೇಲೆ ಹೇಳಿದ ಮೂರು ಲೀಟರ್ ಇಡೀ ಮನೆಗೇ. ಐದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಒಂದು ಚಿಕ್ಕ ಚಮಚ ಅಗಸೆ ಪುಡಿ, ದೋಸೆ ಹಿಟ್ಟಿಗೋ ಚಪಾತಿ ಹಿಟ್ಟಿಗೋ ಕಲಸಿದರೆ ಗೊತ್ತೇ ಆಗುವುದಿಲ್ಲ. ಬೇಕಿದ್ದರೆ ಎರಡು ಅಕ್ರೋಟು. ಅಪ್ಪನಿಗೆ ಕೊಲೈಟಿಸ್ ಇದೆ ಎಂದು ಆರೋಗ್ಯವಾಗಿರುವ ಮಕ್ಕಳಿಗೆ ಮೀನೆಣ್ಣೆ ಕ್ಯಾಪ್ಸೂಲ್ ಕೊಡುವ ಅಗತ್ಯ ಇಲ್ಲ.